ಕೈಗುಣ ಕಲಿಸಿಕೊಡಬಹುದೇ? ನರ್ಸ್ ತರಬೇತಿಯ 160 ವರ್ಷಗಳ ಕಥೆ

ನಮ್ಮ ಕಡೆ ಒಬ್ಬ ಡಾಕ್ಟರನ್ನೋ ನರ್ಸಮ್ಮನನ್ನೋ ಹೊಗಳಬೇಕಾದರೆ ಒಂದು ಮಾತು ಸಾಕು: "ಅವರ ಕೈಗುಣ ಚೆನ್ನಾಗಿದೆ." ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂಬುದೂ ಆ ಮಾತಿನಲ್ಲಿದೆ. ಅಳುತ್ತಿದ್ದ ಮಗುವನ್ನು ಮಾತಾಡಿಸಿ ಸಮಾಧಾನ ಮಾಡಿದರು ಎಂಬುದೂ ಅದರಲ್ಲೇ ಇದೆ. ಕೈ ಬೇರೆ, ಗುಣ ಬೇರೆ ಎಂದು ನಾವು ಬಿಡಿಸಿ ನೋಡುವುದಿಲ್ಲ.

ಕಾಲೇಜುಗಳು ಬಿಡಿಸಿ ನೋಡುತ್ತವೆ. ಬಿಪಿ ನೋಡುವುದು, ಡ್ರಿಪ್ ಹಾಕುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಕ್ಲಿನಿಕಲ್ ಸ್ಕಿಲ್. ಎದುರಿಗಿರುವವರ ಮನಸ್ಸು ಅರಿಯುವುದು, ತನ್ನ ಸಿಟ್ಟು, ಭಯ, ದುಃಖವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಎಮೋಷನಲ್ ಇಂಟೆಲಿಜೆನ್ಸ್. ಕನ್ನಡದಲ್ಲಿ ಭಾವನಾತ್ಮಕ ಬುದ್ಧಿವಂತಿಕೆ ಎನ್ನುತ್ತಾರೆ. ಈ ಎರಡನ್ನೂ ಒಬ್ಬ ವಿದ್ಯಾರ್ಥಿಗೆ ಕಲಿಸುವುದು ಹೇಗೆ? ಎರಡನೆಯದು ಕಲಿಸಿದರೆ ಬರುತ್ತದೆಯೇ, ಅಥವಾ ಅದು ಹುಟ್ಟುಗುಣವೇ?

ಪ್ರಶ್ನೆ ಹೊಸದಲ್ಲ. ನರ್ಸಿಂಗ್ ಶಾಲೆಗಳಲ್ಲಿ 160 ವರ್ಷಕ್ಕೂ ಮೇಲ್ಪಟ್ಟು ಇದರ ಜಗ್ಗಾಟ ನಡೆದಿದೆ. ಪ್ರತಿ ವರ್ಷ ನಮ್ಮ ಹಳ್ಳಿಗಳಿಂದ ಪಿಯುಸಿ ಮುಗಿಸಿದ ಹುಡುಗಿಯರು, ಈಗೀಗ ಹುಡುಗರೂ, ಜಿಎನ್‌ಎಂ ಮತ್ತು ಬಿಎಸ್‌ಸಿ ನರ್ಸಿಂಗ್ ಸೇರುತ್ತಿದ್ದಾರೆ. ಅವರನ್ನು ಕಳಿಸುವ ಮನೆಗಳು ನಮ್ಮವು. ನಾಳೆ ಅವರ ಕೈಯಲ್ಲಿ ಆರೈಕೆ ಮಾಡಿಸಿಕೊಳ್ಳುವ ಮನೆಗಳೂ ನಮ್ಮವೇ. ಹಾಗಾಗಿ ಈ ಜಗ್ಗಾಟದ ಕಥೆಯನ್ನು ಮೊದಲಿನಿಂದ ಹೇಳುತ್ತೇವೆ.

ಎರಡು ಭಾಗದ ಅಂಕಪಟ್ಟಿ

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಂದು ನರ್ಸಿಂಗ್ ಶಾಲೆ ಶುರುವಾಯಿತು. ಅದರ ಹಿಂದೆ ಇದ್ದವರು ಫ್ಲಾರೆನ್ಸ್ ನೈಟಿಂಗೇಲ್. ಅದಕ್ಕೂ ಮೊದಲು, 1854ರಲ್ಲಿ, ಕ್ರೈಮಿಯಾ ಯುದ್ಧದ ಗಾಯಾಳು ಸೈನಿಕರ ಆರೈಕೆಗೆ 38 ನರ್ಸ್‌ಗಳನ್ನು ಕಟ್ಟಿಕೊಂಡು ಟರ್ಕಿಗೆ ಹೋಗಿದ್ದರು. ಆ ಸೇವೆಗೆ ಕೃತಜ್ಞತೆಯಾಗಿ ಇಂಗ್ಲೆಂಡಿನ ಜನ ದೇಣಿಗೆ ಕೂಡಿಸಿ ಒಂದು ನಿಧಿ ಮಾಡಿದರು. ಆ ಹಣದಿಂದ ಶಾಲೆ ನಡೆಯಿತು.

ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸಕ್ಕೆ ಒಳ್ಳೆಯ ಹೆಸರಿರಲಿಲ್ಲ. ಬೇರೆ ದಾರಿ ಇಲ್ಲದ ಬಡ ಹೆಂಗಸರು, ಕುಡುಕಿಯರು ಮಾಡುವ ಕೆಲಸ ಎಂದೇ ಜನ ಆಡಿಕೊಳ್ಳುತ್ತಿದ್ದರು. ಚಾರ್ಲ್ಸ್ ಡಿಕನ್ಸ್ ತಮ್ಮ ಒಂದು ಕಾದಂಬರಿಯಲ್ಲಿ ಅಂಥದೇ ಒಬ್ಬ ಕುಡುಕ ದಾದಿಯನ್ನು ಚಿತ್ರಿಸಿ ನಗಿಸಿದ್ದರು. ಈ ಹೆಸರನ್ನು ತೊಳೆಯಬೇಕಿತ್ತು.

ಮೊದಲ ತಂಡದಲ್ಲಿ 15 ಮಂದಿ. ಒಂದು ವರ್ಷದ ತರಬೇತಿ. ಊಟ, ವಸತಿ, ವರ್ಷಕ್ಕೆ 10 ಪೌಂಡ್ ಕೈಖರ್ಚು. ಪ್ರತಿಯೊಬ್ಬ ವಿದ್ಯಾರ್ಥಿನಿಯ ಬಗ್ಗೆ ತಿಂಗಳಿಗೊಮ್ಮೆ ಒಂದು ಪಟ್ಟಿ ತುಂಬುತ್ತಿದ್ದರು. ಆ ಪಟ್ಟಿಗೆ ಎರಡು ಭಾಗ.

ಒಂದು ಭಾಗ ನಡತೆಯದು. ಅದರಲ್ಲಿ ಐದು ಅಂಶ: ಹೊತ್ತಿಗೆ ಸರಿಯಾಗಿ ಬರುವುದು, ಸದ್ದಿಲ್ಲದೆ ಇರುವುದು, ನಂಬಿಕಸ್ತಿಕೆ, ಮೈ ಬಟ್ಟೆಯ ಚೊಕ್ಕಟತನ, ವಾರ್ಡಿನ ಅಚ್ಚುಕಟ್ಟು.

ಇನ್ನೊಂದು ಭಾಗ ಕೈಕೆಲಸದ್ದು. ಅದರಲ್ಲಿ 14 ಮುಖ್ಯ ಅಂಶಗಳು. ಗಾಯ ಕಟ್ಟುವುದು, ಜಿಗಣೆ ಹಚ್ಚುವುದು, ಎನಿಮಾ ಕೊಡುವುದು, ರೋಗಿ ಮಲಗಿದ್ದಂತೆಯೇ ಹಾಸಿಗೆ ಬಟ್ಟೆ ಬದಲಿಸುವುದು, ಗಂಜಿ ಕಾಯಿಸುವುದು, ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದು, ರೋಗಿಯ ನಾಡಿ, ಉಸಿರು, ನಿದ್ದೆ, ಹಸಿವು ಗಮನಿಸುವುದು. ಒಂದೊಂದಕ್ಕೂ ಅತ್ಯುತ್ತಮ, ಉತ್ತಮ, ಸಾಧಾರಣ, ಅರೆಬರೆ, ಸೊನ್ನೆ ಎಂದು ದರ್ಜೆ.

ನಾವು ಒಂದೇ ಪದದಲ್ಲಿ ಹೇಳುವ ಕೈಗುಣ ಅಲ್ಲಿ ಹೀಗೆ ಎರಡು ಹೋಳಾಯಿತು.

ಗುಣದ ಭಾಗವನ್ನು ಮತ್ತೊಮ್ಮೆ ಓದಿ ನೋಡಿ. ರೋಗಿಯ ಭಯ ಅರ್ಥ ಮಾಡಿಕೊಂಡಳೇ, ಸಾಯುವವರ ಪಕ್ಕ ಕುಳಿತಳೇ, ತನಗೆ ದುಃಖವಾದಾಗ ಏನು ಮಾಡಿದಳು ಎಂಬ ಪ್ರಶ್ನೆಗೆ ಅಲ್ಲಿ ಮನೆಯೇ ಇಲ್ಲ. ಇರುವುದೆಲ್ಲ ಶಿಸ್ತು. ಹೆಸರು ಕೆಟ್ಟಿದ್ದ ಕಸುಬಿಗೆ ಮರ್ಯಾದೆ ತರಬೇಕಾದ ಕಾಲದಲ್ಲಿ ಗುಣ ಎಂದರೆ ಶಿಸ್ತು ಎಂದಾಯಿತು.

ಹಾಗೆಂದು ನೈಟಿಂಗೇಲ್ ಅವರಿಗೆ ರೋಗಿಯ ಮನಸ್ಸು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಶಾಲೆಗೆ ಮುಂಚೆಯೇ ಬರೆದ ತಮ್ಮ ನರ್ಸಿಂಗ್ ಪುಸ್ತಕದಲ್ಲಿ, ಏನಾಗುತ್ತದೋ ಎಂಬ ಭಯ ಮತ್ತು ಕಾಯುವಿಕೆ ರೋಗಿಯನ್ನು ಎಷ್ಟು ಹಣ್ಣು ಮಾಡುತ್ತದೆ ಎಂದು ವಿವರಿಸಿದ್ದಾರೆ. ಬಂದವರೆಲ್ಲ "ಏನಾಗಲ್ಲ ಬಿಡಿ" ಎಂದು ಪೊಳ್ಳು ಸಮಾಧಾನ ಹೇಳುವುದರ ಮೇಲೆ ಒಂದು ಅಧ್ಯಾಯವನ್ನೇ ಬರೆದು ಬೈದಿದ್ದಾರೆ. ರೋಗಿ ನೋಡಲು ಹೋಗಿ ಪುಕ್ಕಟೆ ಸಲಹೆ ಕೊಟ್ಟು ಬರುವ ನಮ್ಮೂರಿನವರೂ ಆ ಅಧ್ಯಾಯ ಓದಬೇಕು. ಪುಸ್ತಕದಲ್ಲಿ ಇದ್ದದ್ದು ಅಂಕಪಟ್ಟಿಗೆ ಇಳಿಯಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ. ಮುಂದೆ ಇತಿಹಾಸಕಾರರು ಆ ಶಾಲೆಯ ಕಡತ ತೆಗೆದು ನೋಡಿದಾಗ, ಮೊದಲ ವರ್ಷಗಳಲ್ಲಿ ಪಾಠ ಬಹಳ ತೆಳುವಾಗಿತ್ತು ಎಂದು ಗೊತ್ತಾಯಿತು. ವಿದ್ಯಾರ್ಥಿನಿಯರು ದಿನವಿಡೀ ವಾರ್ಡಿನಲ್ಲಿ ದುಡಿಯುತ್ತಿದ್ದರು. ಕಲಿಯಲು ಬಂದವರು ಆಸ್ಪತ್ರೆಗೆ ಅಗ್ಗದ ಆಳಾಗಿದ್ದರು. 1870ರ ದಶಕದ ಆರಂಭದಲ್ಲಿ ಇದು ನೈಟಿಂಗೇಲ್ ಅವರ ಗಮನಕ್ಕೂ ಬಂದು, ಸರಿಪಡಿಸಲು ಓಡಾಡಿದರು. ಈ ಆಳಿನ ಲೆಕ್ಕ ಮುಂದೆಯೂ ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಗುಣಕ್ಕೆ ಪರೀಕ್ಷೆ ಇಡಬಹುದೇ?

1880ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ನರ್ಸ್‌ಗಳ ನಡುವೆಯೇ ಒಂದು ದೊಡ್ಡ ಜಗಳ ಎದ್ದಿತು. ಎಥೆಲ್ ಬೆಡ್‌ಫೋರ್ಡ್ ಫೆನ್ವಿಕ್ ಎಂಬ ನರ್ಸ್ 1887ರಲ್ಲಿ ಒಂದು ಸಂಘ ಕಟ್ಟಿ ಬೇಡಿಕೆ ಇಟ್ಟರು. ಡಾಕ್ಟರಿಗೆ ಇರುವಂತೆ ನರ್ಸ್‌ಗೂ ಸರ್ಕಾರಿ ನೋಂದಣಿ ಬೇಕು. ಮೂರು ವರ್ಷದ ತರಬೇತಿ, ಎಲ್ಲರಿಗೂ ಒಂದೇ ಪರೀಕ್ಷೆ, ಪಾಸಾದವರ ಹೆಸರು ಪುಸ್ತಕದಲ್ಲಿ. ಯಾರು ಬೇಕಾದರೂ ನರ್ಸ್ ಎಂದು ಹೇಳಿಕೊಂಡು ಜನರ ಜೀವದ ಜೊತೆ ಆಟವಾಡಬಾರದು ಎಂಬುದು ಅವರ ವಾದ.

ವಿರೋಧಿಸಿದವರಲ್ಲಿ ಮುಖ್ಯರಾದವರು ನೈಟಿಂಗೇಲ್! ಪರೀಕ್ಷೆ ಬರೆಸಿದರೆ ಓದಿದ್ದು ಗೊತ್ತಾಗುತ್ತದೆ, ಆದರೆ ಒಳ್ಳೆಯ ನರ್ಸ್ ಆಗಲು ಬೇಕಾದ ಗುಣವನ್ನು ಯಾವ ಪರೀಕ್ಷಕ ಅಳೆಯುತ್ತಾನೆ ಎಂದು ಅವರು ಕೇಳಿದರು. ಒಮ್ಮೆ ಪುಸ್ತಕದಲ್ಲಿ ಹೆಸರು ಬಂದರೆ ಮುಗಿಯಿತು, ಆಮೇಲೆ ಅವಳು ಹೇಗೆ ನಡೆದುಕೊಂಡರೂ ನಡೆಯುತ್ತದೆ ಎಂಬ ಆತಂಕ ಅವರದು.

ಇಬ್ಬರ ಮಾತಿನಲ್ಲೂ ನಿಜ ಇತ್ತು. ಜಗಳ ಮೂವತ್ತು ವರ್ಷ ನಡೆಯಿತು. ನೈಟಿಂಗೇಲ್ 1910ರಲ್ಲಿ ತೀರಿಕೊಂಡರು. 1919ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿ ಕಾನೂನು ಬಂತು. ಪಟ್ಟಿಯಲ್ಲಿ ಮೊದಲ ಹೆಸರು ಫೆನ್ವಿಕ್ ಅವರದು.

ನೋಂದಣಿಯಿಂದ ಕಸುಬಿಗೆ ಬಲ ಬಂತು, ರೋಗಿಗಳಿಗೆ ಭದ್ರತೆ ಬಂತು. ಆದರೆ ಬರವಣಿಗೆಗೆ, ಅಂಕಕ್ಕೆ ಸಿಗುವ ವಿಷಯಗಳು ಮುಂದೆ ಬಂದವು. ಅಂಕಕ್ಕೆ ಸಿಗದ ಗುಣ ಹಾಸ್ಟೆಲ್ ವಾರ್ಡನ್ನಿನ ಬೈಗುಳಕ್ಕೂ ಮೇಟ್ರನ್ ಕಣ್ಣಿನ ಕಾವಲಿಗೂ ಉಳಿಯಿತು.

ನಮ್ಮ ದೇಶದ ಲೆಕ್ಕ

ಇಂಗ್ಲೆಂಡಿನ ಈ ಮಾದರಿಯೇ ಬ್ರಿಟಿಷ್ ಆಡಳಿತದ ಆಸ್ಪತ್ರೆಗಳು ಮತ್ತು ಮಿಷನ್ ಆಸ್ಪತ್ರೆಗಳ ಮೂಲಕ ಭಾರತಕ್ಕೆ ಬಂತು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ಆರಂಭಿಸಿದರು. 1908ರ ಹೊತ್ತಿಗೆ ತರಬೇತಿ ಪಡೆದ ನರ್ಸ್‌ಗಳ ಅಖಿಲ ಭಾರತ ಸಂಘವೂ ಹುಟ್ಟಿತ್ತು.

ಆದರೆ ಸೇರುವವರು ಕಡಿಮೆ. ಕಂಡವರ ಮಲಮೂತ್ರ ಬಾಚುವ ಕೆಲಸ, ಪರಗಂಡಸಿನ ಮೈ ಮುಟ್ಟುವ ಕೆಲಸ, ರಾತ್ರಿ ಮನೆಯಿಂದ ಹೊರಗಿರುವ ಕೆಲಸ ಎಂದು ಮೇಲ್ಜಾತಿ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಬಹುಕಾಲ ಈ ಕೆಲಸವನ್ನು ಹೊತ್ತವರು ಹೆಚ್ಚಾಗಿ ಕ್ರೈಸ್ತ ಮತ್ತು ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳು.

1943ರಲ್ಲಿ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತು 1946ರಲ್ಲಿ ದೇಶದ ಆರೋಗ್ಯದ ವರದಿ ಕೊಟ್ಟಿತು. ಅದರ ಲೆಕ್ಕದಂತೆ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000. ಸುಮಾರು 6,300 ಜನರಿಗೆ ಒಬ್ಬ ಡಾಕ್ಟರ್ ಇದ್ದರೆ, 43,000 ಜನರಿಗೆ ಒಬ್ಬ ನರ್ಸ್! ಇವತ್ತಿನ ಒಂದು ದೊಡ್ಡ ಹೋಬಳಿಗೆ ಒಬ್ಬರೇ ನರ್ಸ್ ಎಂದುಕೊಳ್ಳಿ. ನರ್ಸ್‌ಗಳು ಕೆಲಸ ಮಾಡುವ, ವಾಸಿಸುವ ಸ್ಥಿತಿ ಸರಿಯಿಲ್ಲ ಎಂದೂ ಸಮಿತಿ ಹೇಳಿತು. ಅದೇ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ತರಗತಿ ಶುರುವಾದವು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು.

ಅಷ್ಟು ಕಡಿಮೆ ನರ್ಸ್‌ಗಳಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳನ್ನು ಕಾಪಾಡಿದ್ದು ಯಾರು? ಸೂಲಗಿತ್ತಿಯರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರ ಹೆಸರು ನೀವು ಕೇಳಿರುತ್ತೀರಿ. ಓದು ಬರಹ ಇರಲಿಲ್ಲ. ಹೆರಿಗೆ ಮಾಡಿಸುವುದನ್ನು ಅಜ್ಜಿಯಿಂದ ಕಲಿತರು. ಒಂದೂ ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎಂದು ಹೆಸರಾದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು.

ಸೂಲಗಿತ್ತಿಯ ವಿದ್ಯೆಯಲ್ಲಿ ಕೈ ಮತ್ತು ಗುಣಕ್ಕೆ ಎರಡು ಪಟ್ಟಿ ಇರಲಿಲ್ಲ. ಹಿರಿಯರ ಪಕ್ಕ ಕೂತು ನೋಡಬೇಕು. ಹೊಟ್ಟೆಯ ಮೇಲೆ ಕೈ ಇಟ್ಟು ಮಗು ಹೇಗೆ ಮಲಗಿದೆ ಎಂದು ತಿಳಿಯುವುದನ್ನೂ, ಬಸುರಿಯ ಕಿವಿಯಲ್ಲಿ ಧೈರ್ಯ ಹೇಳುವುದನ್ನೂ ಒಂದೇ ಹೊತ್ತಿನಲ್ಲಿ, ಒಬ್ಬರಿಂದಲೇ ಕಲಿಯಬೇಕು. ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ರಕ್ತಸ್ರಾವ, ನಂಜು, ಅಡ್ಡ ತಿರುಗಿದ ಮಗು ಇವಕ್ಕೆ ಆಸ್ಪತ್ರೆಯೇ ಬೇಕಿತ್ತು, ಇಲ್ಲದೆ ಎಷ್ಟೋ ತಾಯಂದಿರು ಹೋದರು. ಆಸ್ಪತ್ರೆ ಬಂದದ್ದು ದೊಡ್ಡ ಲಾಭ. ಆದರೆ ಪಕ್ಕ ಕೂರಿಸಿಕೊಂಡು ಕಲಿಸುವ ಹಿರಿಯರು ಮಾತ್ರ ಆಸ್ಪತ್ರೆಯ ಗಡಿಬಿಡಿಯಲ್ಲಿ ಮರೆಯಾದರು.

ಆ ಹಿರಿಯರಿಲ್ಲದೆ ಕಲಿಯುವವರಿಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ ಬರೆದವರು ಮತ್ತೆ ಲಂಡನ್ನಿನವರೇ. ಅದಕ್ಕೇ ಕಥೆ ಈಗ ಅಲ್ಲಿಗೆ ಹೋಗುತ್ತದೆ.

ಮನಸ್ಸು ಮುಚ್ಚಿಕೊಳ್ಳುವ ಪಾಠ

1950ರ ದಶಕದಲ್ಲಿ ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಗೆ ಕಷ್ಟ ಬಂತು. ಅಲ್ಲಿದ್ದ ಸುಮಾರು 700 ನರ್ಸ್‌ಗಳಲ್ಲಿ ತರಬೇತಿ ಮುಗಿಸಿದವರು ಬರೀ 150ರಷ್ಟು. ಉಳಿದವರೆಲ್ಲ ವಿದ್ಯಾರ್ಥಿನಿಯರು. ವಾರ್ಡ್ ನಡೆಯಬೇಕೆಂದರೆ ಅವರು ದುಡಿಯಬೇಕು. ಅವರು ಕಲಿಯಬೇಕೆಂದರೆ ವಾರ್ಡಿನ ಕೆಲಸ ನಿಲ್ಲುತ್ತದೆ. ಈ ಎಳೆದಾಟದಲ್ಲಿ ತರಬೇತಿಯೇ ಕುಸಿದುಬೀಳುವಂತಾಗಿತ್ತು. ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು.

ಕಾರಣ ಹುಡುಕಲು ಟ್ಯಾವಿಸ್ಟಾಕ್ ಸಂಸ್ಥೆಯ ಇಸಬೆಲ್ ಮೆಂಜೀಸ್ ಬಂದರು. 1959ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಇಂದಿಗೂ ನರ್ಸಿಂಗ್ ಲೋಕದಲ್ಲಿ ಚರ್ಚೆಯಾಗುತ್ತದೆ.

ಅವರು ಕಂಡದ್ದು ಇದು. ನರ್ಸ್ ಕೆಲಸವೇ ಭಯ ಹುಟ್ಟಿಸುವಂಥದ್ದು. ನೋವು, ಸಾವು, ಕೀವು, ರಕ್ತ, ಬೆತ್ತಲೆ ಮೈ, ಅಳುವ ಬಂಧುಗಳು ದಿನವೂ ಎದುರಿಗೆ. ಹದಿನೆಂಟು ಹತ್ತೊಂಬತ್ತರ ಹುಡುಗಿ ಇದನ್ನೆಲ್ಲ ಹೇಗೆ ತಡೆದುಕೊಳ್ಳಬೇಕು? ಆಸ್ಪತ್ರೆ ಅದಕ್ಕೊಂದು ಉಪಾಯ ಮಾಡಿಕೊಂಡಿತ್ತು: ರೋಗಿಗೂ ನರ್ಸ್‌ಗೂ ನಂಟೇ ಬೆಳೆಯದಂತೆ ನೋಡಿಕೊಳ್ಳುವುದು.

ಒಬ್ಬ ವಿದ್ಯಾರ್ಥಿನಿಗೆ ಇಂಥ ರೋಗಿ ಎಂದು ಒಪ್ಪಿಸುವ ಬದಲು, ಮೂವತ್ತು ರೋಗಿಗಳಿಗೂ ಒಂದೊಂದು ಚೂರು ಕೆಲಸ. ಒಬ್ಬಳು ಎಲ್ಲರ ಜ್ವರ ನೋಡಬೇಕು, ಇನ್ನೊಬ್ಬಳು ಎಲ್ಲರ ಹಾಸಿಗೆ ಸರಿಮಾಡಬೇಕು. ರೋಗಿಯನ್ನು ಹೆಸರಿಡಿದು ಕರೆಯುವುದಿಲ್ಲ, ಹಾಸಿಗೆಯ ನಂಬರು ಮತ್ತು ಕಾಯಿಲೆಯಿಂದ ಗುರುತು. ಒಂದು ವಾರ್ಡಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದಕ್ಕೆ ಎತ್ತಂಗಡಿ. ಪಟ್ಟಿಯಲ್ಲಿರುವ ಕೆಲಸ ಪಟ್ಟಿಯಂತೆಯೇ ಆಗಬೇಕು. ಎಷ್ಟರಮಟ್ಟಿಗೆ ಎಂದರೆ, ನಿದ್ದೆ ಹೋಗಿರುವ ರೋಗಿಯನ್ನು ಎಬ್ಬಿಸಿ ನಿದ್ದೆ ಮಾತ್ರೆ ಕೊಡುತ್ತಿದ್ದರು!

ರೋಗಿ ಸತ್ತಾಗ ವಿದ್ಯಾರ್ಥಿನಿಗೆ ದುಃಖವಾದರೆ ಮಾತಾಡುವವರಿಲ್ಲ. ತಪ್ಪಾದರೆ ಬೈಗುಳ. ಹಿರಿಯರಿಗೆ ಕರುಣೆ ಇರಲಿಲ್ಲವೆಂದಲ್ಲ, ಅವರೂ ಹೀಗೆಯೇ ಬೆಳೆದವರು. ಇದರಿಂದ ಭಯ ಕಡಿಮೆಯಾಯಿತೇ? ಇಲ್ಲ. ಕೆಲಸದಲ್ಲಿ ಸಿಗಬೇಕಾದ ತೃಪ್ತಿ ಹೋಯಿತು, ಭಯ ಹಾಗೇ ಉಳಿಯಿತು. ಬಿಟ್ಟು ಹೋದವರಲ್ಲಿ ಒಳ್ಳೆಯ ನರ್ಸ್ ಆಗಬಹುದಾಗಿದ್ದ ಹುಡುಗಿಯರೇ ಬಹಳ ಇದ್ದರು ಎಂಬುದು ಮೆಂಜೀಸ್ ಅವರಿಗೆ ಕಂಡ ದೊಡ್ಡ ನಷ್ಟ.

ನಮ್ಮ ಆಸ್ಪತ್ರೆಗಳಲ್ಲಿ "ಆ ಸಿಸ್ಟರ್ ಮುಖ ಕೊಟ್ಟು ಮಾತಾಡಲ್ಲ" ಎಂದು ದೂರುವ ಮೊದಲು ಈ ಅಧ್ಯಯನ ನೆನೆಯಬೇಕು. ಕಲ್ಲು ಮನಸ್ಸಿನವರನ್ನು ಹುಡುಕಿ ಯಾರೂ ನರ್ಸಿಂಗಿಗೆ ಸೇರಿಸಿಕೊಳ್ಳುವುದಿಲ್ಲ. ಮೃದು ಮನಸ್ಸಿನ ಹುಡುಗಿಗೆ ಕಲ್ಲಾಗುವುದನ್ನು ಕಲಿಸುವ ವಾರ್ಡುಗಳು ಇರುತ್ತವೆ.

ಗುಣಕ್ಕೆ ಹೊಸ ಹೆಸರು

ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯುತ್ತಿತ್ತು. 1952ರಲ್ಲಿ ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ ಒಂದು ಪುಸ್ತಕ ಬರೆದು, ರೋಗಿ ಮತ್ತು ನರ್ಸ್ ನಡುವೆ ಬೆಳೆಯುವ ಸಂಬಂಧವೇ ಚಿಕಿತ್ಸೆಯ ಒಂದು ಭಾಗ ಎಂದರು. 1984ರಲ್ಲಿ ಪೆಟ್ರೀಷಿಯಾ ಬೆನ್ನರ್, ಹೊಸಬಳು ಪರಿಣತಳಾಗಲು ಐದು ಮೆಟ್ಟಿಲು ಹತ್ತಬೇಕು ಎಂದು ತೋರಿಸಿದರು. ಹೊಸಬಳು ನಿಯಮ ಹಿಡಿದು ನಡೆಯುತ್ತಾಳೆ. ಅನುಭವಿ ನರ್ಸ್ ರೋಗಿಯ ಮುಖ ನೋಡಿಯೇ, ಯಂತ್ರದ ಅಂಕಿ ಬದಲಾಗುವ ಮೊದಲೇ, ಏನೋ ಸರಿಯಿಲ್ಲ ಎಂದು ಅರಿಯುತ್ತಾಳೆ.

ಇಲ್ಲಿ ಕೈ ಮತ್ತು ಗುಣ ಮತ್ತೆ ಕೂಡುತ್ತವೆ. ಮುಖ ನೋಡಿ ಅರಿಯುವುದು ಕರುಣೆಯೂ ಹೌದು, ಕ್ಲಿನಿಕಲ್ ಸ್ಕಿಲ್ಲೂ ಹೌದು. ನಮ್ಮ ಅಜ್ಜಿಯರನ್ನೇ ನೋಡಿ. ಮೂತ್ರದ ತೊಂದರೆಯನ್ನೋ ಗರ್ಭಕೋಶ ಜಾರಿದ್ದನ್ನೋ ಎಲ್ಲರ ಮುಂದೆ ಬಾಯಿ ಬಿಟ್ಟು ಹೇಳುವುದಿಲ್ಲ. ಪರದೆ ಎಳೆದು, ಹತ್ತಿರ ಕೂತು, "ಏನವ್ವ, ಉರಿತದಾ?" ಎಂದು ಕೇಳಿದ ನರ್ಸ್‌ಗೆ ಮಾತ್ರ ಹೇಳುತ್ತಾರೆ. ನೋವು ಎಂದರೂ ಒಂದೇ ಅಲ್ಲ. ಉರಿ, ಸೆಳೆತ, ಚಳುಕು, ಹಿಂಡಿದಂತೆ, ಜುಮ್ಮೆನ್ನುವುದು ಎಂದು ನಮ್ಮವರು ಹತ್ತು ಬಗೆಯಲ್ಲಿ ಹೇಳುತ್ತಾರೆ. ಕೇಳಿಸಿಕೊಳ್ಳುವ ಕಿವಿ ಇಲ್ಲದಿದ್ದರೆ ಕೇಸ್ ಶೀಟಿನಲ್ಲಿ "ನೋವು" ಎಂದಷ್ಟೇ ಬರುತ್ತದೆ, ಡಾಕ್ಟರಿಗೆ ಸಿಗಬೇಕಾದ ಸುಳಿವು ತಪ್ಪುತ್ತದೆ.

1983ರಲ್ಲಿ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಇನ್ನೊಂದು ಮಾತು ಮುಂದಿಟ್ಟರು. ಗಗನಸಖಿಯರನ್ನು ಗಮನಿಸಿ, ಒಳಗೆ ಏನೇ ಇದ್ದರೂ ಹೊರಗೆ ನಗುವುದು ಕೂಡ ದುಡಿಮೆಯೇ, ಅದರಿಂದಲೂ ಮನುಷ್ಯ ದಣಿಯುತ್ತಾನೆ ಎಂದರು. 1992ರಲ್ಲಿ ಪ್ಯಾಮ್ ಸ್ಮಿತ್ ಇದೇ ಕಣ್ಣಿನಿಂದ ಇಂಗ್ಲೆಂಡಿನ ನರ್ಸಿಂಗ್ ವಿದ್ಯಾರ್ಥಿಗಳನ್ನು ನೋಡಿದರು. ವಿದ್ಯಾರ್ಥಿಗಳು ಮನಸ್ಸಿನ ಪಾಠ ಕಲಿಯುವುದು ಮುಖ್ಯವಾಗಿ ವಾರ್ಡ್ ಸಿಸ್ಟರ್‌ನಿಂದ ಎಂದು ಅವರಿಗೆ ಕಂಡಿತು. ಸಿಸ್ಟರ್ ತನ್ನ ಕೈಕೆಳಗಿನವರನ್ನು ಅಕ್ಕರೆಯಿಂದ ಕಂಡ ವಾರ್ಡಿನಲ್ಲಿ ಅವರು ರೋಗಿಗಳನ್ನೂ ಅಕ್ಕರೆಯಿಂದ ಕಾಣುತ್ತಿದ್ದರು. ಗದ್ದೆಗೆ ನೀರು ಬರಬೇಕಾದರೆ ಮೇಲಿನ ಕಾಲುವೆಯಲ್ಲಿ ನೀರಿರಬೇಕಲ್ಲ!

ಎಮೋಷನಲ್ ಇಂಟೆಲಿಜೆನ್ಸ್ ಎಂಬ ಹೆಸರು ನೆಲೆಯಾದದ್ದು 1990ರಲ್ಲಿ. ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಅದರ ಬಗ್ಗೆ ಬರೆದರು. 1995ರಲ್ಲಿ ಡೇನಿಯಲ್ ಗೋಲ್ಮನ್ ಅವರ ಪುಸ್ತಕ ಅದನ್ನು ಮನೆಮಾತಾಗಿಸಿತು. ಅಲ್ಲಿಂದ ಮುಂದೆ ನರ್ಸಿಂಗ್ ವಿದ್ಯಾರ್ಥಿಗಳ ಭಾವನೆಯ ಅಂಕಕ್ಕೂ ಕೆಲಸದ ಅಂಕಕ್ಕೂ ತಾಳೆ ಹಾಕುವ ಅಧ್ಯಯನಗಳು ಎಷ್ಟೋ ಬಂದವು. ಕೆಲವದರಲ್ಲಿ ನಂಟು ಕಂಡಿತು, ಕೆಲವದರಲ್ಲಿ ಅಷ್ಟಾಗಿ ಕಾಣಲಿಲ್ಲ. ಬಹಳಷ್ಟು ಅಧ್ಯಯನಗಳಲ್ಲಿ ವಿದ್ಯಾರ್ಥಿಯೇ ತನ್ನ ಬಗ್ಗೆ ಪ್ರಶ್ನೆಪಟ್ಟಿ ತುಂಬುವುದು. ನಾನು ಸಮಾಧಾನಿ ಎಂದು ನಾನೇ ಟಿಕ್ ಹಾಕಿಕೊಂಡರೆ ಅದನ್ನು ಎಷ್ಟು ನಂಬುವುದು?

ಇದಕ್ಕಿಂತ ಗಟ್ಟಿಯಾದ ದಾರಿ ಒಂದು ಸ್ಕಾಟ್‌ಲೆಂಡಿನ ಡಂಡೀಯಿಂದ ಬಂದಿತ್ತು. 1975ರಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗೆ ಓಸ್ಕಿ ಎಂಬ ಪರೀಕ್ಷಾ ಕ್ರಮ ತಂದರು. ವಿದ್ಯಾರ್ಥಿ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಾ ನಿಗದಿತ ಸಮಯದಲ್ಲಿ ಕೆಲಸ ಮಾಡಿ ತೋರಿಸಬೇಕು. ನರ್ಸಿಂಗ್ ಕಾಲೇಜುಗಳೂ ಇದನ್ನು ತೆಗೆದುಕೊಂಡವು. ಇಂಥ ಪರೀಕ್ಷೆಯಲ್ಲಿ ಸೂಜಿ ಸರಿಯಾಗಿ ಹಾಕಿದ್ದಕ್ಕೂ ಅಂಕ ಇಡಬಹುದು, ಹಾಕುವ ಮೊದಲು ರೋಗಿಗೆ ಹೇಳಿ ಒಪ್ಪಿಗೆ ಕೇಳಿದ್ದಕ್ಕೂ ಅಂಕ ಇಡಬಹುದು. ಗುಣವನ್ನು ಯಾರು ಅಳೆಯುತ್ತಾರೆ ಎಂಬ ನೈಟಿಂಗೇಲ್ ಪ್ರಶ್ನೆಗೆ ಪೂರ್ತಿ ಅಲ್ಲದಿದ್ದರೂ ಒಂದಷ್ಟು ಉತ್ತರ ಸಿಕ್ಕಿತು.

ಹೊಸ ಹೆಸರಿನಲ್ಲಿ ಒಂದು ಅಪಾಯವೂ ಇದೆ. 1860ರ ಪಟ್ಟಿ ಶಿಸ್ತನ್ನು ಗುಣ ಎಂದಿತ್ತು. ಈಗ ಸಹನೆಯನ್ನು ಗುಣ ಎಂದು ಕರೆದು, ಸಿಡುಕಿದ ಹುಡುಗಿಗೆ ಭಾವನಾತ್ಮಕ ಬುದ್ಧಿವಂತಿಕೆ ಸಾಲದು ಎಂದು ಹಣೆಪಟ್ಟಿ ಹಚ್ಚುವುದು ಸುಲಭ. ಅವಳು ಆ ರಾತ್ರಿ ಎಷ್ಟು ರೋಗಿಗಳನ್ನು ಒಬ್ಬಳೇ ನೋಡುತ್ತಿದ್ದಳು, ಊಟ ಮಾಡಿದ್ದಳೇ ಎಂದು ಕೇಳುವವರಿಲ್ಲ. ಬ್ರಿಟನ್ನಿನಲ್ಲಿ 1986ರ ಒಂದು ಸುಧಾರಣಾ ಯೋಜನೆ, ವಿದ್ಯಾರ್ಥಿಗಳನ್ನು ವಾರ್ಡಿನ ಆಳು ಲೆಕ್ಕದಿಂದ ಹೊರಗಿಡಬೇಕು ಎಂದು ಹೇಳಿತು. ನೈಟಿಂಗೇಲ್ ಶಾಲೆ ಶುರುವಾಗಿ ಆಗಲೇ 126 ವರ್ಷ ಆಗಿತ್ತು.

ಹಳದೀಪುರದ ಹುಡುಗಿ ಮತ್ತು ಮುಂಬೈಯ ದಾದಿಯರು

ನಮ್ಮ ನೆಲಕ್ಕೆ ಸೇರಿದ ಒಂದು ಕಥೆ ಇಲ್ಲದೆ ಈ ಚರಿತ್ರೆ ಮುಗಿಯುವುದಿಲ್ಲ. ಅರುಣಾ ಶಾನಭಾಗ್ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರು. ನರ್ಸ್ ಆಗಿ ಮುಂಬೈಯ ಕೆಇಎಂ ಆಸ್ಪತ್ರೆ ಸೇರಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ಕ್ರೂರವಾಗಿ ದಾಳಿ ಮಾಡಿದ. ಮೆದುಳಿಗೆ ಆಮ್ಲಜನಕ ಹೋಗದೆ, ಮತ್ತೆಂದೂ ಎದ್ದು ಓಡಾಡದ ಸ್ಥಿತಿಗೆ ಅವರು ತಲುಪಿದರು. 2015ರ ಮೇ 18ರಂದು ಅದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಹತ್ತಿರ ಹತ್ತಿರ 42 ವರ್ಷ ಅವರನ್ನು ನೋಡಿಕೊಂಡವರು ಕೆಇಎಂ ದಾದಿಯರು.

ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಆಸ್ಪತ್ರೆಯ ಡೀನ್ ಕೊಟ್ಟ ಹೇಳಿಕೆ 2011ರ ತೀರ್ಪಿನಲ್ಲಿ ದಾಖಲಾಗಿದೆ. ಅದರಲ್ಲಿ ಎರಡು ಸಂಗತಿಗಳಿವೆ. ಅಷ್ಟು ವರ್ಷಗಳಲ್ಲಿ ಅರುಣಾ ಅವರಿಗೆ ಒಮ್ಮೆಯೂ ಹಾಸಿಗೆ ಹುಣ್ಣು ಆಗಲಿಲ್ಲ ಎಂಬುದು ಒಂದು. ಪ್ರತಿ ವರ್ಷ ಬರುವ ಹೊಸ ನರ್ಸಿಂಗ್ ವಿದ್ಯಾರ್ಥಿಗಳ ತಂಡವನ್ನು ಅವರ ಹಾಸಿಗೆಯ ಬಳಿ ಕರೆತಂದು, ಇವರು ನಮ್ಮವರು, ಇಂದಿಗೂ ನಮ್ಮವರೇ ಎಂದು ಪರಿಚಯಿಸುತ್ತಿದ್ದರು ಎಂಬುದು ಇನ್ನೊಂದು.

ಮಲಗಿದ ಮನೆಹಿರಿಯರನ್ನು ನೋಡಿಕೊಂಡವರಿಗೆ ಹಾಸಿಗೆ ಹುಣ್ಣು ಎಂದರೆ ಏನೆಂದು ಗೊತ್ತು. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು. ಚರ್ಮ ಒದ್ದೆ ಇರದಂತೆ ಒರೆಸಬೇಕು. ಬೆನ್ನು, ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಊಟದಲ್ಲಿ ಪೌಷ್ಟಿಕಾಂಶ ಇರಬೇಕು. ಒಂದು ವಾರ ಉದಾಸೀನ ಮಾಡಿದರೆ ಮಾಂಸ ಕಾಣುತ್ತದೆ. ನೈಟಿಂಗೇಲ್ ಪಟ್ಟಿಯ ಕೈಕೆಲಸದ ಭಾಗದಲ್ಲಿದ್ದ ಕೆಲಸವೇ ಇದು. ಆದರೆ ಧನ್ಯವಾದ ಹೇಳಲಾಗದ ರೋಗಿಗೆ 42 ವರ್ಷ ಇದನ್ನು ಮಾಡಲು ಕೈ ಒಂದೇ ಸಾಕಾಗುವುದಿಲ್ಲ.

ಇದನ್ನು ತ್ಯಾಗದ ಕಥೆಯಾಗಿ ಮಾತ್ರ ಹೇಳಿದರೆ ತಪ್ಪಾಗುತ್ತದೆ. 1973ರಲ್ಲೇ ದಾದಿಯರು ಮುಷ್ಕರ ಹೂಡಿ ಅರುಣಾ ಅವರಿಗೆ ನ್ಯಾಯ, ತಮಗೆ ಒಳ್ಳೆಯ ಕೆಲಸದ ಸ್ಥಿತಿ ಕೇಳಿದ್ದರು. 1980ರ ದಶಕದಲ್ಲಿ ಅವರನ್ನು ಬೇರೆಡೆಗೆ ಸಾಗಿಸುವ ಪ್ರಯತ್ನವಾದಾಗಲೂ ಪ್ರತಿಭಟಿಸಿ ತಡೆದರು. ಅಕ್ಕರೆ ಇದ್ದವರೇ ಜಗಳಕ್ಕೂ ನಿಂತರು. ಹೊಸ ವಿದ್ಯಾರ್ಥಿಗಳಿಗೆ ಅಲ್ಲಿ ಪಾಠ ಸಿಕ್ಕಿದ್ದು ಪುಸ್ತಕದಿಂದ ಅಲ್ಲ, ಹಾಸಿಗೆಯ ಪಕ್ಕ ನಿಂತ ಹಿರಿಯರಿಂದ.

ಮಗಳನ್ನು ಸೇರಿಸುವ ಮೊದಲು

ಇಷ್ಟು ವರ್ಷಗಳ ಕಥೆಯಿಂದ ನಮಗೆ ತಿಳಿದದ್ದು ಇಷ್ಟು. ಕೈಗುಣ ಕಲಿಸಿಕೊಡಬಹುದು. ಅದಕ್ಕೆ ಪಕ್ಕದಲ್ಲಿ ಒಬ್ಬ ಹಿರಿಯ ನರ್ಸ್ ಬೇಕು, ಆ ಹಿರಿಯರಿಗೆ ಕಲಿಸಲು ಪುರುಸೊತ್ತು ಬೇಕು. ಆಳಿನ ಕೊರತೆಯನ್ನು ವಿದ್ಯಾರ್ಥಿಗಳಿಂದ ತುಂಬಿಸಿಕೊಂಡ ಕಡೆಯಲ್ಲೆಲ್ಲ ಮೊದಲು ಹೋದದ್ದು ಈ ಪಾಠವೇ.

ನರ್ಸಿಂಗ್ ಕಾಲೇಜಿಗೆ ಮಕ್ಕಳನ್ನು ಸೇರಿಸಲು ಹೋದಾಗ ಫೀಸು, ಹಾಸ್ಟೆಲ್, ಕೆಲಸ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತೇವೆ. ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದೂ ನೋಡುತ್ತೇವೆ. ಜೊತೆಗೆ ಇನ್ನು ಕೆಲವು ಮಾತು ಕೇಳಿ. ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ? ವಾರ್ಡಿಗೆ ಹೋದಾಗ ಟೀಚರ್ ಜೊತೆಗೆ ಬರುತ್ತಾರೆಯೇ, ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆಯೇ? ನೈಟ್ ಡ್ಯೂಟಿಯಲ್ಲಿ ವಿದ್ಯಾರ್ಥಿಯ ಜೊತೆ ಹಿರಿಯ ಸಿಸ್ಟರ್ ಇರುತ್ತಾರೆಯೇ? ಈಗ ಮೂರನೇ ವರ್ಷದಲ್ಲಿ ಓದುತ್ತಿರುವವರನ್ನು ಹೊರಗೆ ಸಿಕ್ಕಿ ಮಾತಾಡಿಸಿ, ಕಚೇರಿಯಲ್ಲಿ ಸಿಗದ ಉತ್ತರ ಅವರ ಬಳಿ ಸಿಗುತ್ತದೆ.

ಅವರಲ್ಲೊಬ್ಬರಿಗೆ ಈ ಪ್ರಶ್ನೆಯನ್ನೂ ಕೇಳಿ: "ನೀನು ನೋಡಿಕೊಳ್ಳುತ್ತಿದ್ದ ರೋಗಿ ಮೊದಲ ಸಲ ತೀರಿಕೊಂಡಾಗ, ಆವತ್ತು ನಿನ್ನ ಹತ್ತಿರ ಯಾರು ಬಂದು ಮಾತಾಡಿದರು ತಾಯಿ?" ಒಂದು ಹೆಸರು ಹೇಳಿದರೆ, ಆ ಕಾಲೇಜಿನಲ್ಲಿ ಕಲಿಸುವವರು ಇದ್ದಾರೆ ಎಂದರ್ಥ.